‘ನಮ್ಮ ಮಂದೀನ ನೋಡ್ರಿ’: ಕೋವಿಡ್ ವಾರ್ಡಿನವರ ಜೊತೆ ಎರಡು ವರ್ಷ

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಇಬ್ಬರೂ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯರಾಗಿ ಹೊಸದಾಗಿ ಸೇರಿದವರು. ಒಬ್ಬಳ ಕೈಯಲ್ಲಿ ನೋಟ್‌ಬುಕ್ಕು, ಇನ್ನೊಬ್ಬಳ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. “ಮೇಡಂ, ಕೋವಿಡ್ ಟೈಮಲ್ಲಿ ಆಸ್ಪತ್ರೆ ಸ್ಟಾಫಿಗೆಲ್ಲ ನೀವೇ ಕೌನ್ಸೆಲಿಂಗ್ ಮಾಡಿದ್ರಂತೆ. ಯಾವ ಪದ್ಧತಿ ಬಳಸಿದ್ರಿ?” ಎಂದು ನೋಟ್‌ಬುಕ್ಕಿನವಳು ಪೆನ್ನು ತೆಗೆದು ಕೇಳಿದಳು.

ನನಗೆ ನಗು ತಡೆಯಲಾಗಲಿಲ್ಲ. ಮೊದಲ ಸಭೆಯಲ್ಲೇ ಹದಿನಾಲ್ಕು ಜನರನ್ನು ಕುರ್ಚಿಯ ಮೇಲೆ ಮಲಗಿಸಿಬಿಟ್ಟವಳು ನಾನು. ವಾರ್ಡಿನ ಒಳಗೆ ಕಾಲಿಟ್ಟು ಹತ್ತು ನಿಮಿಷಕ್ಕೆ ತಲೆ ತಿರುಗಿ, ಯಾರಿಗೆ ಧೈರ್ಯ ಹೇಳಲು ಹೋಗಿದ್ದೆನೋ ಅವರಿಂದಲೇ ಎತ್ತಿಸಿಕೊಂಡು ಹೊರಗೆ ಬಂದವಳು. ಇದನ್ನೆಲ್ಲ ಹೇಳಿದಾಗ ಅವರು ಬರೆಯುವುದನ್ನು ಬಿಟ್ಟು ನಗತೊಡಗಿದರು. ಹೊರಡುವಾಗ “ಇದನ್ನೇ ಬರೆದು ಕೊಡಿ ಮೇಡಂ, ನಮ್ಮ ಟ್ರೈನಿಂಗಲ್ಲಿ ಇಂಥದ್ದು ಯಾವುದೂ ಹೇಳಲಿಲ್ಲ” ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಈ ಕೆಲಸದಲ್ಲಿದ್ದೆ. ಮೊದಲು ಸಿದ್ದಾಪುರ, ಆಮೇಲೆ ಯಲ್ಲಾಪುರ, ಕೊನೆಗೆ ಶಿರಸಿ. ಎಚ್‌ಐವಿ ಪರೀಕ್ಷೆಗೆ ಬಂದವರನ್ನು ಕೂರಿಸಿ ಮಾತಾಡಿಸುವುದು ನನ್ನ ಕೆಲಸವಾಗಿತ್ತು. ಒಂದು ಚಿಕ್ಕ ಕೋಣೆ, ಒಂದು ಮೇಜು, ಎರಡು ಕುರ್ಚಿ, ಯಾವಾಗಲೂ ಮುಚ್ಚಿದ ಬಾಗಿಲು. ಬಂದವರು ಹೇಳುತ್ತಾರೆ, ನಾನು ಕೇಳುತ್ತೇನೆ. ಅವರು ಎದ್ದು ಹೋದ ಮೇಲೆ ಮಾತು ಆ ಕೋಣೆಯಲ್ಲೇ ಉಳಿಯುತ್ತದೆ. ಇಲ್ಲಿಯೂ ಆ ನಿಯಮವನ್ನು ಬಿಡುವುದಿಲ್ಲ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ. ಬರೆದ ಸಂಗತಿಗಳಿಗೆಲ್ಲ ಅವರವರ ಒಪ್ಪಿಗೆ ಪಡೆದಿದ್ದೇನೆ, ಆದರೂ ಹೆಸರು ಬದಲಿಸಿದ್ದೇನೆ. ಮಾದೇವಿಯೊಬ್ಬಳು ಮಾತ್ರ ಒಪ್ಪಲಿಲ್ಲ. “ಬೇರೆಯವ್ರ ಹೆಸ್ರಲ್ಲಿ ನನ್ ಕಥೆ ಬರದ್ರೆ ನಾನು ಸುಮ್ನಿರೂದಿಲ್ಲ ಗಂಗಕ್ಕ” ಎಂದಳು. ಆದ್ದರಿಂದ ಮಾದೇವಿ ಮಾದೇವಿಯೇ.

ಕೋವಿಡ್ ಬಂದು ಆಸ್ಪತ್ರೆಯ ಒಂದು ಭಾಗವನ್ನು ಬೇರೆ ಮಾಡಿ ವಾರ್ಡ್ ಮಾಡಿದ ವಾರವೇ ನಮ್ಮ ಆಡಳಿತ ವೈದ್ಯಾಧಿಕಾರಿ ನನ್ನನ್ನು ಕರೆಸಿದರು. ಡಾಕ್ಟರ್ ಹಿರೇಮಠ ಹಾವೇರಿ ಕಡೆಯವರು. ನಕ್ಕಿದ್ದನ್ನು ಯಾರೂ ಕಂಡವರಿಲ್ಲ. ಹಾಜರಿ ಪುಸ್ತಕದಲ್ಲಿ ಐದು ನಿಮಿಷ ತಡವಾದರೂ ಹಸಿರು ಶಾಯಿಯಲ್ಲಿ ಕಾರಣ ಕೇಳುವವರು. ಅವರ ಬಾಗಿಲು ತಟ್ಟುವ ಮೊದಲು ಎಲ್ಲರೂ ಒಮ್ಮೆ ಉಗುಳು ನುಂಗಿಕೊಳ್ಳುತ್ತಿದ್ದರು.

“ಗಂಗಾ ಮೇಡಂ, ನಿಮ್ಮ ಕೋಣಿಗೆ ಈಗ ಪೇಷಂಟ್ ಬರೂದು ಕಡಿಮಿ ಆಗೇದ,” ಎಂದರು. “ಇನ್ಮ್ಯಾಗ ನಮ್ಮ ಮಂದೀನ ನೋಡ್ರಿ. ನಿನ್ನೆ ಇಬ್ಬರು ಸಿಸ್ಟರ್ ಸ್ಟೋರ್ ರೂಮಿನ್ಯಾಗ ನಿಂತು ಅಳಾಕತ್ತಿದ್ರು. ನಾ ಹೋದ ಕೂಡ್ಲೇ ಕಣ್ಣು ಒರಸಿಕೊಂಡು ಹೊಂಟುಹೋದ್ರು. ಅವರು ನನ್ನ ಮುಂದ ಮಾತಾಡೂದಿಲ್ಲ. ನಿಮ್ಮ ಮುಂದ ಮಾತಾಡಿಯಾರು.”

ನಾನು ದೊಡ್ಡ ಉತ್ಸಾಹದಲ್ಲಿ ಸಿದ್ಧಳಾದೆ. ತರಬೇತಿಯ ಪುಸ್ತಕಗಳನ್ನು ತೆಗೆದು ಮೂರು ದಿನ ಓದಿದೆ. ಸಭಾಂಗಣದಲ್ಲಿ ದೂರ ದೂರ ಕುರ್ಚಿ ಹಾಕಿಸಿ, ಪಾಳಿ ಮುಗಿಸಿದ ಹದಿನಾಲ್ಕು ಜನರನ್ನು ಕರೆದು, ಒತ್ತಡ ಎಂದರೇನು, ಅದರ ಲಕ್ಷಣಗಳೇನು ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದೆ. ಆಮೇಲೆ “ಈಗ ಎಲ್ಲರೂ ಕಣ್ಣು ಮುಚ್ಚಿ, ನಿಧಾನ ಉಸಿರೆಳೆದುಕೊಳ್ಳಿ” ಎಂದೆ. ಎಳೆದುಕೊಂಡರು. “ಬಿಡಿ” ಎಂದೆ. ಬಿಟ್ಟರು. ಮೂರನೇ ಸಲ ಬಿಟ್ಟ ಉಸಿರಿನ ಜೊತೆ ಹಿಂದಿನ ಸಾಲಿನಿಂದ ಸಣ್ಣ ಗೊರಕೆ ಕೇಳಿಸಿತು. ಕಣ್ಣು ತೆರೆದು ನೋಡಿದರೆ ಒಬ್ಬರ ತಲೆ ಎಡಕ್ಕೆ, ಒಬ್ಬರದು ಬಲಕ್ಕೆ, ಲ್ಯಾಬಿನವನ ಬಾಯಿ ಮಾಸ್ಕಿನ ಒಳಗೇ ತೆರೆದಿದ್ದು ಹೊರಗಿನಿಂದಲೂ ಗೊತ್ತಾಗುತ್ತಿತ್ತು. ಹದಿನಾಲ್ಕು ಜನರೂ ನಿದ್ದೆ ಹೋಗಿದ್ದರು.

ನನಗೆ ಮೊದಲು ಅವಮಾನವಾಯಿತು. ಮೂರು ದಿನ ಓದಿ ಬಂದವಳು! ಎಬ್ಬಿಸೋಣ ಎಂದು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ನರ್ಸಿನ ಮುಖ ಕಂಡಿತು. ಕನ್ನಡಕ ಒತ್ತಿದ ಕಡೆ ಮೂಗಿನ ಮೇಲೆ ಎರಡು ಗಾಯ, ಮಾಸ್ಕಿನ ದಾರ ಕೊರೆದು ಕಿವಿಯ ಹಿಂದೆ ಕೆಂಪು ಗೆರೆ. ಎತ್ತಿದ ಕೈಯನ್ನು ಇಳಿಸಿ, ಪ್ರೊಜೆಕ್ಟರ್ ಆರಿಸಿ, ಕಿಟಕಿಯ ಪರದೆ ಎಳೆದೆ.

ಅರ್ಧ ಗಂಟೆಯ ಮೇಲೆ ಡಾಕ್ಟರ್ ಹಿರೇಮಠ ಬಾಗಿಲು ತೆರೆದರು. “ಏನ್ರೀ ಇದು?”

ನಾನು ತುಟಿಯ ಮೇಲೆ ಬೆರಳಿಟ್ಟೆ. ಆ ಮನುಷ್ಯನ ಮುಂದೆ ಹಾಗೆ ಬೆರಳಿಡುವ ಧೈರ್ಯ ಎಲ್ಲಿಂದ ಬಂತೋ. “ಸರ್, ಕೌನ್ಸೆಲಿಂಗ್ ನಡೀತಾ ಇದೆ. ಮೆತ್ತಗೆ ಮಾತಾಡಿ” ಎಂದೆ.

ಅವರು ಒಬ್ಬೊಬ್ಬರನ್ನೇ ನೋಡಿದರು. ಹಸಿರು ಪೆನ್ನು ಕಿಸೆಯಲ್ಲೇ ಇತ್ತು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಟುಹೋದರು. ಮರುದಿನ ಹಳೆಯ ಕಡತ ತುಂಬಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿ ನಾಲ್ಕು ಮಂಚ ಹಾಕಿಸಿದರು. ‘ವಿಶ್ರಾಂತಿ ಕೊಠಡಿ’ ಎಂದು ಬೋರ್ಡ್ ಬರೆಸಿದ್ದೂ ಅವರೇ. ಎರಡು ವರ್ಷದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಜನರಿಗೆ ಉಪಯೋಗವಾದದ್ದು ಆ ನಾಲ್ಕು ಮಂಚ.

ಎರಡನೆಯ ತಪ್ಪು ಫಾರಂ ಹಂಚಿದ್ದು. ‘ಕಳೆದ ಎರಡು ವಾರಗಳಲ್ಲಿ ನಿಮಗೆ ಬೇಸರವೆನಿಸಿದೆಯೇ, ಹಸಿವು ಕಡಿಮೆಯಾಗಿದೆಯೇ’ ಎಂದು ಇಪ್ಪತ್ತು ಪ್ರಶ್ನೆ. ವಾರ್ಡ್ ಗುಡಿಸಿ ಒರೆಸುವ ಮಾದೇವಿ ಇಪ್ಪತ್ತಕ್ಕೂ ‘ಇಲ್ಲ’ ಎಂದು ಗೀಟು ಹಾಕಿ ಕೊಟ್ಟಳು. ಮಾದೇವಿ ಸಿದ್ದಾಪುರ ತಾಲೂಕಿನ ನಿಲ್ಕುಂದದವಳು. ಗಟ್ಟಿ ಹೆಂಗಸು, ಗಟ್ಟಿ ದನಿ. ಆಸ್ಪತ್ರೆಯಲ್ಲಿ ಅವಳಷ್ಟು ಆರಾಮಾಗಿ ಯಾರೂ ಇಲ್ಲ ಎಂದು ಫಾರಂ ಹೇಳುತ್ತಿತ್ತು. ಆದರೆ ನಾನು ಬೆಳಿಗ್ಗೆ ಬಂದಾಗಲೂ ಅವಳು ಇರುತ್ತಿದ್ದಳು, ಸಂಜೆ ಹೋಗುವಾಗಲೂ ಇರುತ್ತಿದ್ದಳು. ಇದ್ದ ಸೀರೆ ಎರಡೇ; ಒಂದು ಮೈಮೇಲೆ, ಒಂದು ಹಿತ್ತಲ ತಂತಿಯ ಮೇಲೆ.

“ಮಾದೇವಿ, ಊರಿಗೆ ಹೋಗದೆ ಎಷ್ಟು ದಿನ ಆಯ್ತೇ?” ಎಂದು ತಂತಿಯ ಹತ್ತಿರವೇ ನಿಂತು ಕೇಳಿದೆ.

“ಇಪ್ಪತ್ತೆರಡು.”

“ಮತ್ತೆ ಫಾರಮ್ಮಲ್ಲಿ ಎಂತದೂ ತೊಂದರೆ ಇಲ್ಲ ಅಂತ ಬರ್ದಿದ್ದೀಯಲ್ಲ?”

“ತೊಂದ್ರೆ ಇದೆ ಅಂತ ಬರದ್ರೆ ಕೆಲ್ಸದಿಂದ ತೆಗದ್ರೆ? ಎಂತ ಮಾಡೂದು ಗಂಗಕ್ಕ, ನಾನು ಕಾಯಂ ಅಲ್ಲ.” ಒಣಗಿದ ಸೀರೆಯನ್ನು ಮಡಿಸುತ್ತಲೇ ಉಳಿದದ್ದನ್ನೂ ಹೇಳಿದಳು. ಕೊನೆಯ ಸಲ ಊರಿಗೆ ಹೋದಾಗ ಕೇರಿಯವರು ಅವಳನ್ನು ರಸ್ತೆಯಲ್ಲೇ ತಡೆದು, ಆಸ್ಪತ್ರೆಯ ರೋಗ ಇಲ್ಲಿಗೆ ತರಬೇಡ, ಎಲ್ಲ ಮುಗಿದ ಮೇಲೆ ಬಾ ಎಂದಿದ್ದರಂತೆ. ಹೇಳಿದವರಲ್ಲಿ ಅವಳ ಜೀವದ ಗೆಳತಿ, ಪಕ್ಕದ ಮನೆಯ ಸಾವಿತ್ರಿಯೂ ಇದ್ದಳು. ಗಂಡ ಮಕ್ಕಳಿಗೆ ‘ಡ್ಯೂಟಿ ಜಾಸ್ತಿ’ ಎಂದು ಸುಳ್ಳು ಹೇಳಿ ಮಾದೇವಿ ಆಸ್ಪತ್ರೆಯಲ್ಲೇ ಉಳಿದಿದ್ದಳು. “ಬೇರೆಯವ್ರು ಹೇಳಿದ್ದು ಬಿಡು. ಸಾವಿತ್ರಿ ಹೇಳೂಕಾಗ್ತದಾ?” ಎಂದಾಗ ಮೊದಲ ಸಲ ಅವಳ ಗಟ್ಟಿ ದನಿ ಸಣ್ಣದಾಯಿತು.

ಊರಿಗೆ ಹೋಗಿ ಭಾಷಣ ಮಾಡೋಣ ಎಂದು ನನಗೆ ತಕ್ಷಣ ಅನ್ನಿಸಿತು. ಅದೃಷ್ಟಕ್ಕೆ ಆ ದಿನ ಗಾಡಿ ಸಿಗಲಿಲ್ಲ. ಸುಮ್ಮನೆ ಮಾತಾಡುತ್ತ “ಸಾವಿತ್ರಿ ಮನೇಲಿ ಎಲ್ಲ ಆರಾಮಾ?” ಎಂದು ಕೇಳಿದೆ. “ಎಲ್ಲಿ ಆರಾಮು? ಅವ್ಳ ಅತ್ತೆಗೆ ಬಿಪಿ. ಬಸ್ಸಿಲ್ಲ, ಗುಳಿಗೆ ಮುಗದು ಹೋಗಿರ್ತದೆ. ನಾನೇ ತಕಂಡು ಹೋಗ್ತಿದ್ದೆ” ಎಂದಳು. ಹಾಗೆಯೇ ಬೆರಳು ಮಡಚಿ ಎಣಿಸಿದಳು: ಮೇಲಿನ ಮನೆಯ ಅಜ್ಜನಿಗೆ ಸಕ್ಕರೆ ಕಾಯಿಲೆ, ತಿರುವಿನ ಮನೆಯವಳಿಗೆ ಥೈರಾಯ್ಡು, ರಸ್ತೆಯಲ್ಲಿ ತಡೆದು ನಿಲ್ಲಿಸಿದ ಗಂಡಸಿಗೇ ಉಬ್ಬಸ. ತನ್ನನ್ನು ಊರಿಂದ ಹೊರಗಿಟ್ಟವರ ಕಾಯಿಲೆಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಅವರಿಗೆಲ್ಲ ಫೋನು ಮಾಡಿ ಔಷಧಿ ಚೀಟಿಯ ಫೋಟೊ ತರಿಸಿದೆವು. ನಮ್ಮ ಡಾಕ್ಟರು ನೋಡಿ ಒಪ್ಪಿದ ಮೇಲೆ ಔಷಧಿ ವಿಭಾಗದವರು ಒಂದೊಂದು ಪೊಟ್ಟಣದ ಮೇಲೂ ಹೆಸರು ಬರೆದು ಕೊಟ್ಟರು. ಮಾದೇವಿಗೆ ಪರೀಕ್ಷೆ ಮಾಡಿಸಿ, ರೋಗ ಇಲ್ಲ ಎಂಬ ಕಾಗದವನ್ನೂ ಕೊಡಿಸಿ, ನಾನೇ ಜೊತೆಗೆ ಹೋದೆ. ಕೇರಿಯವರು ದೂರ ದೂರ ನಿಂತಿದ್ದರು. ಮಾದೇವಿ ಆ ಕಾಗದವನ್ನು ಚೀಲದಿಂದ ತೆಗೆಯಲೇ ಇಲ್ಲ. ಅಂಗಳದಲ್ಲಿ ಸ್ಟೂಲು ಹಾಕಿ, ಪೊಟ್ಟಣ ಜೋಡಿಸಿ, ತನ್ನ ಗಟ್ಟಿ ದನಿಯಲ್ಲಿ ಒಬ್ಬೊಬ್ಬರ ಹೆಸರು ಕೂಗಿದಳು. “ಬೆಳಿಗ್ಗೆ ಒಂದು, ತಿಂಡಿ ಆದ್ಮೇಲೆ! ಮರ್ತ್ರೆ ನನ್ನ ಕೇಳ್ಬೇಡ!” ಉಬ್ಬಸದ ಗಂಡಸು ಬಂದಾಗ ಎರಡು ಸಲ ಹೆಸರು ಹೇಳಿಸಿ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡಳು. ಅಷ್ಟು ಸೇಡು ಸಾಕಾಯಿತು ಅವಳಿಗೆ. ಕೊನೆಗೆ ಸಾವಿತ್ರಿ ಬಂದು ಪೊಟ್ಟಣ ತೆಗೆದುಕೊಂಡು ಹೋಗದೆ ನಿಂತೇ ಇದ್ದಳು. “ಎಂತ?” ಎಂದಳು ಮಾದೇವಿ. “ಹಲಸಿನ ಹಪ್ಪಳ ಮಾಡಿದ್ದೆ. ನಿಂಗೆ ಅಂತ ತೆಗದಿಟ್ಟಿದ್ದೆ” ಎಂದಳು ಸಾವಿತ್ರಿ. ಮುಂದಿನ ವಾರದಿಂದ ಊರಿನವರು ಅವಳ ದಾರಿ ಕಾಯತೊಡಗಿದರು. ‘ಡಾಕ್ಟರ್ ಮಾದೇವಿ’ ಎಂಬ ಹೆಸರು ಆಸ್ಪತ್ರೆಗೂ ಬಂತು. ಆಮೇಲೆ ನಾನು ಯಾರಿಗೂ ಫಾರಂ ಹಂಚಲಿಲ್ಲ. ಬಟ್ಟೆ ಒಣಗಿಸುವ ತಂತಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲತೊಡಗಿದೆ.

ಇದರ ನಡುವೆ ನಾನು ಒಂದು ವಾಟ್ಸಾಪ್ ಗುಂಪನ್ನೂ ಕಟ್ಟಿದ್ದೆ. ಹೆಸರು ‘ಮನೋಬಲ’. ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರದ ಜೊತೆ ಒಂದು ಒಳ್ಳೆಯ ಮಾತು ಕಳಿಸುತ್ತಿದ್ದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ಹೊತ್ತಿಗೆ ನಮ್ಮ ಅಂಬುಲೆನ್ಸ್ ಚಾಲಕ ರಫೀಕನಿಗೆ ಸೋಂಕು ತಗುಲಿ, ಯಲ್ಲಾಪುರದ ತನ್ನ ಮನೆಯ ಮಹಡಿಯ ಕೋಣೆಯಲ್ಲಿ ಒಂದು ಸ್ಟೋವ್ ಇಟ್ಟುಕೊಂಡು ಒಬ್ಬನೇ ಇದ್ದ. ಒಂದು ಮಧ್ಯಾಹ್ನ, ಹೆಂಡತಿಗೆ ಕಳಿಸಬೇಕಾದ ಫೋಟೊವನ್ನು ತಪ್ಪಿ ಗುಂಪಿಗೆ ಕಳಿಸಿಬಿಟ್ಟ. ಅವನು ಜೀವನದಲ್ಲಿ ಮೊದಲ ಸಲ ಮಾಡಿದ ಚಪಾತಿ. ಅದಕ್ಕೆ ಒಂಬತ್ತು ಮೂಲೆಗಳಿದ್ದವು.

“ಇದು ಉತ್ತರ ಕನ್ನಡ ಜಿಲ್ಲೆ ನಕ್ಷೆ ಅಲ್ವಾ?” ಎಂದು ಸ್ಟಾಫ್ ನರ್ಸ್ ವೀಣಾ ಬರೆದಳು. “ಕಾರವಾರ ಎಲ್ಲಿ?” ಎಂದ ಲ್ಯಾಬಿನವ. “ಸುಟ್ಟು ಕರ್ರಗಾಗಿದ್ದು ಯಲ್ಲಾಪುರ. ನಾನು ಅಲ್ಲೇ ಇದ್ದೇನೆ, ಕಾಪಾಡಿ” ಎಂದ ರಫೀಕ. ಸಂಜೆಯೊಳಗೆ ಗುಂಪಿನ ತುಂಬ ಸೀದ ಪಲ್ಯ, ಒಡೆದ ದೋಸೆ, ಉಕ್ಕಿದ ಹಾಲು. ನಾನು ಸೂರ್ಯೋದಯ ಕಳಿಸುವುದನ್ನು ನಿಲ್ಲಿಸಿ ಗುಂಪಿನ ಹೆಸರನ್ನು ‘ಸೀದ ಪಲ್ಯ’ ಎಂದು ಬದಲಿಸಿದೆ. ಡಾಕ್ಟರ್ ಹಿರೇಮಠ ಆ ಗುಂಪಿನಲ್ಲಿದ್ದರು, ಎಲ್ಲವನ್ನೂ ಓದುತ್ತಿದ್ದರು, ಒಂದಕ್ಷರ ಬರೆಯುತ್ತಿರಲಿಲ್ಲ.

ಎರಡನೇ ಅಲೆ ಬಂದಾಗ ನಗು ನಿಂತಿತು. ಹಾಸಿಗೆಗಳು ತುಂಬಿದವು. ದಿನ ಬಿಟ್ಟು ದಿನ ಸಾವು ನೋಡಬೇಕಾಯಿತು. ಒಂದು ಬೆಳಿಗ್ಗೆ ವೀಣಾ ರಾಜೀನಾಮೆ ಪತ್ರ ಬರೆದು ಡಾಕ್ಟರ ಮೇಜಿನ ಮೇಲಿಟ್ಟಳು.

ವೀಣಾ ಕಾನಸೂರಿನ ಹುಡುಗಿ. ವಯಸ್ಸು ಇಪ್ಪತ್ತಾರು. ಕೈ ಎಷ್ಟು ಹಗುರವೆಂದರೆ ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ ಎಂದು ರೋಗಿಗಳು ಹೇಳುತ್ತಿದ್ದರು. ವಾರ್ಡಿನಲ್ಲಿ ದೊಡ್ಮನೆ ಊರಿನ ನಿವೃತ್ತ ಮೇಷ್ಟ್ರೊಬ್ಬರು ಹನ್ನೊಂದು ದಿನ ಇದ್ದು ತೀರಿಕೊಂಡಿದ್ದರು. ಅದರ ಮರುದಿನವೇ ಈ ಪತ್ರ. ಡಾಕ್ಟರು ಅದನ್ನು ಓದಿ ಮೇಜಿನ ಖಾನೆಗೆ ಹಾಕಿ, “ನನ್ನ ಪೆನ್ನಿನ್ಯಾಗ ಇಂಕ್ ಮುಗದದ. ನೀವು ಒಂದ್ಸಲ ಮಾತಾಡ್ರಿ” ಎಂದು ನನಗೆ ಹೇಳಿದರು.

ನಾನು ಅವಳನ್ನು ಕರೆದು ನಮ್ಮ ವೃತ್ತಿಯಲ್ಲಿ ಹೇಳಬಾರದ್ದನ್ನೇ ಹೇಳಿದೆ. “ನಿನ್ನ ತಪ್ಪಿಲ್ಲ ವೀಣಾ. ನೀನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀಯ. ಎಲ್ಲ ಸರಿ ಹೋಗ್ತದೆ.”

ಅವಳು ನನ್ನನ್ನೇ ನೋಡಿದಳು. “ನಿಮಗೆ ಎಂತ ಗೊತ್ತು ಮೇಡಂ? ನೀವು ಒಂದು ದಿನ ಒಳಗೆ ಬಂದಿದ್ರಾ?”

ಬಂದಿರಲಿಲ್ಲ. ಒಂದು ವರ್ಷ ನಾನು ವಾರ್ಡಿನ ಗಾಜಿನ ಬಾಗಿಲಿನ ಈಚೆಗೇ ಇದ್ದೆ. ಮುಖಕ್ಕೆ ಹೊಡೆದ ಹಾಗಾಯಿತು, ಆದರೆ ಅವಳ ಮಾತಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ನೇರ ಡಾಕ್ಟರ ಹತ್ತಿರ ಹೋಗಿ ಒಳಗೆ ಹೋಗಲು ಅನುಮತಿ ಕೇಳಿದೆ. “ನಿಮಗ ಐವತ್ತಾರು ವಯಸ್ಸು” ಎಂದರು. “ನಿಮಗೆ ಐವತ್ತೆಂಟು ಸರ್” ಎಂದೆ. ಕೊಟ್ಟರು.

ಮರುದಿನ ಪಿಪಿಇ ಕಿಟ್ ತೊಟ್ಟೆ. ಮಾದೇವಿ ನನ್ನ ಬೆನ್ನಿನ ಮೇಲೆ ದೊಡ್ಡದಾಗಿ ‘ಗಂಗಕ್ಕ’ ಎಂದು ಬರೆದಳು. ಆ ಬಿಳಿ ಚೀಲದೊಳಗೆ ಯಾರು ಯಾರೆಂದು ತಿಳಿಯಲು ಅದೊಂದೇ ದಾರಿ. ಒಳಗೆ ಹೋದ ಎರಡು ನಿಮಿಷಕ್ಕೆ ಕನ್ನಡಕ ಮಂಜಾಯಿತು. ಐದು ನಿಮಿಷಕ್ಕೆ ಬೆವರು ಬೆನ್ನಿನಿಂದ ಬೂಟಿಗಿಳಿಯಿತು. ಒಬ್ಬ ಅಜ್ಜಿ ನೀರು ಕೇಳಿದಳು, ಲೋಟ ಹಿಡಿದುಕೊಂಡೆ. ಅವಳು ಕುಡಿಯುತ್ತಿದ್ದಂತೆ ನನಗೆ ಕಿವಿಯಲ್ಲಿ ಗುಂಯ್ ಎಂದಿತು. ಗೋಡೆ ಹಿಡಿಯಲು ಕೈ ಚಾಚಿದ್ದು ನೆನಪಿದೆ. ಆಮೇಲೆ ಕಣ್ಣು ತೆರೆದಾಗ ಹೊರಗಿನ ಬೆಂಚಿನ ಮೇಲೆ ಮಲಗಿದ್ದೆ, ವೀಣಾ ನನ್ನ ಕಾಲನ್ನು ಎತ್ತಿ ಹಿಡಿದಿದ್ದಳು, ಮಾದೇವಿ ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿಸುತ್ತಿದ್ದಳು.

“ಎಷ್ಟು ಹೊತ್ತು ಇದ್ದೆ ಒಳಗೆ?” ಎಂದೆ. ಒಂದು ಗಂಟೆಯಾದರೂ ಆಗಿರಬೇಕು ಎಂದು ನನ್ನ ಲೆಕ್ಕ.

“ಹನ್ನೊಂದು ನಿಮಿಷ ಮೇಡಂ” ಎಂದಳು ವೀಣಾ. ಹೇಳುವಾಗಲೇ ಅವಳ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಮಾದೇವಿಯೂ ಶುರು ಮಾಡಿದಳು. “ಆ ಅಜ್ಜಿ ಕೇಳ್ತಿದ್ಲು, ನಂಗೆ ನೀರು ಕೊಡೂಕೆ ಬಂದ್ಲಲ್ಲ, ಆ ಹೊಸ ಪೇಷಂಟ್ ಯಾರು ಅಂತ!” ನನಗೂ ತಡೆಯಲಾಗಲಿಲ್ಲ. ಮಲಗಿದಲ್ಲೇ ನಕ್ಕು ಪಾನಕ ಮೂಗಿಗೇರಿತು. ಒಂದು ವಾರ ಆಸ್ಪತ್ರೆಯಲ್ಲಿ ಅದೇ ಸುದ್ದಿ. ಆದರೆ ಆವತ್ತಿನಿಂದ ಯಾರೂ ನನ್ನ ಮುಂದೆ ಕಣ್ಣು ಒರೆಸಿಕೊಂಡು ಓಡಿಹೋಗಲಿಲ್ಲ. ನನ್ನ ಕಾಲನ್ನು ಎತ್ತಿ ಹಿಡಿದಿದ್ದವರಿಗೆ ನನ್ನ ಹತ್ತಿರ ಎಂಥ ನಾಚಿಕೆ?

ಸಂಜೆ ವೀಣಾ ತಾನಾಗಿ ಬಂದು ಕೂತಳು. ಈ ಸಲ ನಾನು ಯಾವ ಸಮಾಧಾನವನ್ನೂ ಹೇಳಲಿಲ್ಲ. “ಆ ಮೇಷ್ಟ್ರು ಹೇಗಿದ್ರು?” ಎಂದಷ್ಟೇ ಕೇಳಿದೆ. ಅವಳು ಹೇಳಿದಳು. ಮೇಷ್ಟ್ರು ಅವಳು ಬರೆದ ಚಾರ್ಟು ಇಸಕೊಂಡು ಅಕ್ಷರ ದುಂಡಗಿಲ್ಲ ಎಂದು ಗದರುತ್ತಿದ್ದರಂತೆ. ಆಮ್ಲಜನಕದ ಮಾಸ್ಕ್ ಸರಿಸಿ ‘ಮಹಾಪ್ರಾಣ ಎಲ್ಲಿ?’ ಎಂದು ಕೇಳುತ್ತಿದ್ದರಂತೆ. ಮನೆಯವರಿಗೆ ದಿನಾ ಫೋನು ಹಚ್ಚಿ ಅವರ ಕಿವಿಗೆ ಹಿಡಿಯುತ್ತಿದ್ದವಳು ಇವಳೇ. ಕೊನೆಯ ದಿನ ಮಧ್ಯಾಹ್ನ ಪಾಳಿ ಮುಗಿದು, ಕಿಟ್ ಬಿಚ್ಚಲು ಹೊರಗೆ ಹೋದ ಇಪ್ಪತ್ತು ನಿಮಿಷದಲ್ಲಿ ಅವರು ಹೋಗಿಬಿಟ್ಟರು. “ಅವರ ಮಗಳಿಗೆ ಗೊತ್ತಾದ್ರೆ ಎಂತ ಹೇಳ್ತಾರೆ? ಕೊನೆಗೆ ಯಾರಿದ್ರು ಅಂತ ಕೇಳಿದ್ರೆ?”

“ಕೇಳಿದ್ರೆ ಏನು ಹೇಳ್ಬೇಕು ಅಂತಿದ್ದೀಯ?”

“ಇದ್ದದ್ದು ಹೇಳ್ತೆ” ಎಂದಳು. ಎರಡು ದಿನ ಬಿಟ್ಟು ಅವಳೇ, ಮಗಳಿಗೆ ಫೋನು ಮಾಡಬೇಕು, ನೀವು ಪಕ್ಕದಲ್ಲಿರಿ ಎಂದಳು. ಆ ಕಡೆಯವರು ಒಂದು ಕಟುವಾದ ಮಾತು ಆಡಿದರೆ ಈ ಹುಡುಗಿ ಮತ್ತೆಂದೂ ವಾರ್ಡಿಗೆ ಕಾಲಿಡುವುದಿಲ್ಲ ಎಂದು ಗೊತ್ತಿತ್ತು. ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ಕೇಳುವಂತೆ ಮಾಡಿದಳು. ಮಗಳು ಮೊದಲು ಕೇಳಿದ್ದೇ ಅದನ್ನು. “ಅಪ್ಪಯ್ಯನ ಹತ್ರ ಕೊನೆಗೆ ಯಾರಿದ್ದಿದ್ದ?”

“ಆ ಹೊತ್ತಿಗೆ ಆನು ಹತ್ರ ಇದ್ದಿದ್ನಿಲ್ಲೆ ಅಕ್ಕಾ,” ಎಂದಳು ವೀಣಾ ತನ್ನ ಮನೆಮಾತಾದ ಹವಿಗನ್ನಡದಲ್ಲೇ. “ಡ್ಯೂಟಿ ಮುಗ್ಸಿ ಹೊರಗೆ ಹೋಗಿದ್ದಿ. ಬರಷ್ಟೊತ್ತಿಗೆ…”

ಮಗಳು ಆ ಕಡೆಯಿಂದ, “ತಂಗಿ, ನೀನು ಕಾನಸೂರ ಕೂಸಾ?”

“ಹೌದು.” ಅವರ ಮಾತಿನಲ್ಲಿ ಕೂಸು ಎಂದರೆ ಹುಡುಗಿ.

“ಅಯ್ಯೋ, ಆನು ನಿನ್ನ ಹುಡುಕ್ತಾ ಇದ್ದಿದ್ದಿ! ಅಪ್ಪಯ್ಯ ದಿನಾ ಫೋನಲ್ಲಿ ಹೇಳ್ತಿದ್ದಿದ್ದ. ನಿಂಗೊ ಯಾರೂ ಚಿಂತೆ ಮಾಡಡಿ, ಇಲ್ಲಿ ಕಾನಸೂರ ಕೂಸೊಂದು ಇದ್ದು, ಮನೆಯವ್ವೇ ನೋಡಿಕೊಂಡಾಂಗೆ ನೋಡಿಕೊಳ್ತು. ಅಕ್ಷರ ಮಾತ್ರ ಭಾರೀ ಕೆಟ್ಟದು ಹೇಳಿ!”

ವೀಣಾ ಅತ್ತಳು, ಆ ಕಡೆ ಮಗಳೂ ಅತ್ತಳು, ಅಳುವಿನ ನಡುವೆಯೇ ಇಬ್ಬರೂ ನಕ್ಕರು. ಫೋನು ಇಟ್ಟ ಮೇಲೆ ವೀಣಾ ಮುಖ ತೊಳೆದು, ಡಾಕ್ಟರ ಕೋಣೆಗೆ ಹೋಗಿ ತನ್ನ ಪತ್ರವನ್ನು ವಾಪಸು ಕೇಳಿದಳು. ಅವರು ಖಾನೆಯಿಂದ ತೆಗೆದು ಕೊಡುತ್ತ, “ಅಕ್ಷರ ಖರೇನ ಚೊಲೊ ಇಲ್ಲ ನಿಮ್ಮದು” ಎಂದರಂತೆ. ಅವರಿಗೆ ಆ ಸುದ್ದಿ ಯಾರು ಮುಟ್ಟಿಸಿದರೋ ನನಗೆ ಗೊತ್ತಿಲ್ಲ. ಗೋಡೆಗೂ ಕಿವಿಯಿರುವ ಆಸ್ಪತ್ರೆ ನಮ್ಮದು.

ಇನ್ನು ರಫೀಕ. ವಾಸಿಯಾಗಿ ಬಂದ ಮೇಲೆ ಅವನು ಹಿಂದಿನಂತೆ ಎಲ್ಲರನ್ನೂ ನಗಿಸುತ್ತಿದ್ದ. ಎರಡನೇ ಅಲೆಯ ನಡುವೆ ಒಂದು ದಿನ ಗಮನಿಸಿದರೆ ಅವನ ಮಾತೇ ನಿಂತುಹೋಗಿತ್ತು. ಚಹಾಕ್ಕೆ ಕರೆದರೂ ಗಾಡಿಯಿಂದ ಇಳಿಯುತ್ತಿರಲಿಲ್ಲ. ನನ್ನ ಕೋಣೆಗೆ ಬಾ ಎಂದೆ. “ಬೇಡ ಮೇಡಂ. ನಂಗೇನು ಹುಚ್ಚು ಹಿಡ್ದಿಲ್ಲ” ಎಂದ. ಹಾಗಾದರೆ ನಾನೇ ಬರುತ್ತೇನೆ ಎಂದುಕೊಂಡು, ಅವನು ಯಂತ್ರವೊಂದನ್ನು ತರಲು ಯಲ್ಲಾಪುರಕ್ಕೆ ಹೊರಟ ದಿನ ಮುಂದಿನ ಸೀಟು ಹತ್ತಿ ಕೂತೆ. ಮಾಸ್ಕ್ ಹಾಕಿಕೊಂಡು, ಕಿಟಕಿ ಪೂರ್ತಿ ಇಳಿಸಿಕೊಂಡು ಹೊರಟೆವು. ನಾನು ಏನನ್ನೂ ಕೇಳಲಿಲ್ಲ. ಎದುರಿಗೆ ಕೂತು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಾಗದವರು ಪಕ್ಕದಲ್ಲಿ ಕೂತರೆ ಮಾತಾಡುತ್ತಾರೆ ಎಂಬುದನ್ನು ಆ ದಾರಿಯಲ್ಲಿ ಕಲಿತೆ. ಮಂಚಿಕೇರಿ ಬರುವ ಹೊತ್ತಿಗೆ ಅವನೇ ಶುರು ಮಾಡಿದ.

“ಮೇಡಂ, ಗಾಡಿ ಬಂದ್ ಮಾಡಿದ್ರೂ ಸೈರನ್ ಕೇಳ್ತದೆ. ಊಟಕ್ಕೆ ಕೂತ್ರೂ ಕೇಳ್ತದೆ. ನಾನು ಕರ್ಕೊಂಡು ಬರೂದು ಮಾತ್ರ. ಅವ್ರು ಆಮೇಲೆ ಏನಾದ್ರು ಅಂತ ನಂಗೆ ಗೊತ್ತಾಗೂದು ಹೆಣ ಸಾಗ್ಸೂಕೆ ಕರದ್ರೆ ಮಾತ್ರ. ಕರ್ಕೊಂಡು ಬಂದವ್ರೆಲ್ಲ ಸತ್ತೇ ಹೋಗ್ತಾರೆ ಅಂತ ಅನ್ನಿಸ್ತದೆ.”

ಹಾಗಿರಲಿಲ್ಲ. ಬಹಳ ಜನ ಗುಣವಾಗಿ ಮನೆಗೆ ಹೋಗುತ್ತಿದ್ದರು. ಅವರನ್ನು ಮನೆಯವರು ಬಂದು ಬಾಡಿಗೆ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು, ಇವನ ಕಣ್ಣಿಗೆ ಬೀಳುತ್ತಿರಲಿಲ್ಲ. ವಾಪಸು ಬಂದು ಡಾಕ್ಟರಿಗೆ ಹೇಳಿದೆ: ತುರ್ತು ಕರೆ ಇಲ್ಲದ ಹೊತ್ತಿನಲ್ಲಿ ಗುಣವಾದವರನ್ನೂ ರಫೀಕನೇ ಮನೆಗೆ ಬಿಟ್ಟು ಬರಲಿ. ಅವರು ಹಸಿರು ಶಾಯಿಯಲ್ಲಿ ಸರಿ ಎಂದು ಬರೆದರು.

ಮೊದಲು ಸಿಕ್ಕವಳು ಪಾರ್ವತಜ್ಜಿ. ಮಂಚಿಕೇರಿಯಿಂದ ಒಳಗೆ ಒಂದು ಹಳ್ಳಿ, ವಯಸ್ಸು ಎಂಬತ್ತರ ಮೇಲೆ. ಹದಿನೆಂಟು ದಿನ ಇದ್ದು ಗೆದ್ದಿದ್ದಳು. ಅವಳ ಜೊತೆ ನಾನೂ ಹೋದೆ. ಊರು ಇನ್ನೇನು ಬಂತು ಎನ್ನುವಾಗ ಅಜ್ಜಿ ಹಿಂದಿನಿಂದ ಗಾಜು ಬಡಿದಳು.

“ತಮ್ಮಾ, ಅದೊಂದು ಕೂಗ್ತದಲ್ಲ, ಅದನ್ನ ಹಾಕು.”

“ಸೈರನ್ನಾ? ಬೇಡ ಅಜ್ಜಿ, ಅದು ಸೀರಿಯಸ್ ಇದ್ದಾಗ ಹಾಕೂದು.”

“ನಾನು ಹೋಪತ್ತಿಗೆ ಊರಿಗೆ ಊರೇ ಬಾಗ್ಲಲ್ಲಿ ನಿಂತು ನೋಡಿದ್ದು. ಮುದುಕಿ ಮತ್ತೆ ಬರೂದಿಲ್ಲ ಅಂತ ಮಾತಾಡ್ಕಂಡಿದ್ದು ನಂಗೆ ಕೇಳಿತ್ತು. ಈಗ ಬಂದಿದ್ದೂ ನೋಡ್ಲಿ. ಹಾಕು!”

ರಫೀಕ ನನ್ನ ಮುಖ ನೋಡಿದ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ. ಅವನು ಹಾಕಿದ. ಬಾಗಿಲುಗಳೆಲ್ಲ ತೆರೆದುಕೊಂಡವು. ಮತ್ತೆ ಯಾರಿಗೆ ಏನಾಯಿತೋ ಎಂದು ಗಾಬರಿಯಲ್ಲಿ ಹೊರಬಂದ ಜನರ ಮುಂದೆ ಅಜ್ಜಿ ಒಬ್ಬಳೇ ಇಳಿದು, ಸೆರಗು ಸರಿ ಮಾಡಿಕೊಂಡು, “ಎಂತ ನೋಡ್ತ್ರಿ? ಆಸರಿಗೆ ತನ್ನಿ, ಚಾ ಆದ್ರೂ ಅಡ್ಡಿಲ್ಲ!” ಎಂದಳು. ಯಾರೋ ಸಿಳ್ಳೆ ಹಾಕಿದರು. ರಫೀಕ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮೈ ಕುಲುಕುವಂತೆ ನಕ್ಕ. ಎಷ್ಟೋ ವಾರಗಳ ಮೇಲೆ ಕೇಳಿದ ನಗು. ಆ ತಿಂಗಳು ಅವನು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಮನೆಗೆ ಮುಟ್ಟಿಸಿದ. ಅವರೆಲ್ಲರ ಹೆಸರನ್ನು ಒಂದು ಡೈರಿಯಲ್ಲಿ ಬರೆದಿಟ್ಟಿದ್ದಾನೆ, ಈಗಲೂ ಗಾಡಿಯಲ್ಲೇ ಇದೆ.

ಅಲೆ ಇಳಿಯಿತು. ಮೂರನೆಯದೂ ಬಂದು ಹೋಯಿತು. ವಾರ್ಡಿನಲ್ಲಿ ಇಬ್ಬರೇ ರೋಗಿಗಳು ಉಳಿದಿದ್ದ ಒಂದು ಮಧ್ಯಾಹ್ನ ನನ್ನ ಬಾಗಿಲು ತಟ್ಟಿದ ಸದ್ದಾಯಿತು. ಡಾಕ್ಟರ್ ಹಿರೇಮಠ ನಿಂತಿದ್ದರು.

“ಹತ್ತು ನಿಮಿಷ ಟೈಮ್ ಅದ ಏನ್ರೀ?”

ಯಾವುದೋ ಕಡತಕ್ಕೆ ಬಂದಿದ್ದಾರೆ ಎಂದುಕೊಂಡು ಎದ್ದು ನಿಂತೆ. ಅವರು ಬಾಗಿಲು ಹಾಕಿ, ರೋಗಿಗಳು ಕೂರುವ ಕುರ್ಚಿಯ ಮೇಲೆ ಕೂತರು. ಆಗ ನನಗೆ ಅರ್ಥವಾಗಿ, ಕೂತೆ. ಎರಡು ವರ್ಷ ಎಲ್ಲರ ಬೆನ್ನಹಿಂದೆ ತಿರುಗಿದ ನಾನು ಈ ಮನುಷ್ಯನನ್ನು ಒಂದು ಸಲವೂ ‘ನೀವು ಹೇಗಿದ್ದೀರಿ’ ಎಂದು ಕೇಳಿರಲಿಲ್ಲ. ನನ್ನ ಎಲ್ಲ ತಪ್ಪುಗಳಲ್ಲಿ ದೊಡ್ಡದು ಅದೇ. ಹೊಸಬರು ಇದೊಂದನ್ನು ಮಾತ್ರ ಬರೆದಿಟ್ಟುಕೊಳ್ಳಿ.

“ಏನ್ ಹೇಳಬೇಕು ನಾ?” ಎಂದರು.

“ಹೇಳಲೇಬೇಕು ಅಂತಿಲ್ಲ ಸರ್.”

ಕಿಸೆಯ ಹಸಿರು ಪೆನ್ನನ್ನು ತೆಗೆದು ಮೇಜಿನ ಮೇಲಿಟ್ಟರು. “ಮೊದಲನೇ ದಿನದಿಂದ ನನಗ ಅಂಜಿಕಿ ಇತ್ರಿ,” ಎಂದರು. “ಮುಂಜಾನೆ ಎದ್ದು ಕನ್ನಡಿ ಮುಂದ ನಿಂತು ಮಾರಿ ಬಿಗಿ ಮಾಡಿಕೊಂಡು ಬರ್ತಿದ್ದೆ. ಸಾಹೇಬಗ ಅಂಜಿಕಿ ಇಲ್ಲ ಅಂತ ತಿಳಿದ್ರ ಮಂದಿಗೆ ಧೈರ್ಯ ಇರ್ತದ ಅಂತ. ಎರಡು ವರ್ಷ ಯಾರಿಗೂ ಗೊತ್ತಾಗದಂಗ ನೋಡಿಕೊಂಡೆ. ಈಗ ಸಾಕಾಗೇದ.”

ಮಾತು ಇದ್ದದ್ದು ಇದ್ದ ಹಾಗೆ ಬಾಯಿಗೆ ಬಂತು. “ನಮಗೆಲ್ಲ ಗೊತ್ತಿತ್ತು ಸರ್.”

ಅವರು ತಲೆಯೆತ್ತಿದರು. “ಏನ್ ಗೊತ್ತಿತ್ತು?”

“ನಿಮಗೆ ಹೆದರಿಕೆ ಅಂತ. ಮೀಟಿಂಗಲ್ಲಿ ನಿಮ್ಮ ಎಡಗಾಲು ನಡುಗ್ತಿತ್ತು. ವೀಣಾ ಮೊದಲನೇ ವಾರವೇ ನೋಡಿದ್ಳು. ಮಾದೇವಿಗೂ ಗೊತ್ತು, ರಫೀಕನಿಗೂ ಗೊತ್ತು.”

“ಮತ್ತ ಯಾರೂ ಒಂದ್ ಮಾತು ಹೇಳಲಿಲ್ಲ ನನಗ?”

“ನಮಗೆ ಗೊತ್ತಿಲ್ಲ ಅಂತ ತಿಳ್ಕೊಂಡ್ರೆ ನಿಮಗೆ ಧೈರ್ಯ ಇರ್ತದೆ ಅಂತ ಸುಮ್ಮನಿದ್ವಿ ಸರ್.”

ಅವರು ನನ್ನನ್ನೇ ನೋಡಿದರು. ಮೊದಲು ಭುಜ ಅಲುಗಿತು. ಆಮೇಲೆ ಗಂಟಲಿನಿಂದ ಒಂದು ವಿಚಿತ್ರ ಸದ್ದು, ಬಹಳ ಕಾಲ ತೆಗೆಯದ ಬಾಗಿಲು ತೆಗೆದ ಹಾಗೆ. ಡಾಕ್ಟರ್ ಹಿರೇಮಠ ನಗುತ್ತಿದ್ದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. “ಎಡಗಾಲು!” ಎಂದು ಮೇಜು ಗುದ್ದಿ ಇನ್ನೊಮ್ಮೆ ನಕ್ಕರು.

ಹೊರಗೆ ಕಾಲ್ಸಪ್ಪಳ, ಗುಸುಗುಸು. ಬಾಗಿಲು ಸ್ವಲ್ಪ ತೆರೆಯಿತು. ಮಾದೇವಿ ತಲೆ ಒಳಗೆ ಹಾಕಿದಳು. ಅವಳ ಹಿಂದೆ ವೀಣಾ, ವೀಣಾಳ ಹಿಂದೆ ರಫೀಕ, ಲ್ಯಾಬಿನವ, ಇನ್ನೂ ಮೂವರು. ಎಲ್ಲರ ಮುಖದಲ್ಲೂ ಗಾಬರಿ.

“ಗಂಗಕ್ಕ, ಎಂತ ಆತು ಸಾಹೇಬ್ರಿಗೆ?”

“ಎಂತದೂ ಆಗಲಿಲ್ಲ ಮಾದೇವಿ. ನಗ್ತಾ ಇದ್ದಾರೆ.”

ಮಾದೇವಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. “ಹಂಗಾದ್ರೆ ನಾವೂ ಒಳಗೆ ಬರ್ಲಾ?” ಎಂದಳು.

ನಾನು ಉತ್ತರ ಹೇಳುವ ಮೊದಲೇ ಡಾಕ್ಟರು ಕುರ್ಚಿಯಿಂದ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದರು. “ಬರ್ರಿ, ಬರ್ರಿ, ಎಲ್ಲಾರೂ ಬರ್ರಿ” ಎಂದರು. ಇಬ್ಬರು ಕೂರುವ ಆ ಕೋಣೆಯಲ್ಲಿ ಆವತ್ತು ಒಂಬತ್ತು ಜನ ನಿಂತಿದ್ದೆವು.